ಸೆಕೆಂಡಿಗೆ ಹನ್ನೆರಡು

ಆ ಚಿತ್ರದಲ್ಲಿ ಹೆಚ್ಚೇನೂ ಇಲ್ಲ.
ಬೂದು ಗೋಡೆ. ಅರೆತೆರೆದ ಬಿಳಿ ಬಾಗಿಲು.
ಕಪ್ಪುಡುಗೆಯ ಹೆಂಗಸೊಬ್ಬಳು
ನಮಗೆ ಬೆನ್ನು ಹಾಕಿ ನಿಂತಿದ್ದಾಳೆ,
ಕೈಯಲ್ಲೊಂದು ತಟ್ಟೆ, ಖಾಲಿಯೋ ಏನೋ.
ಕೋಪನ್‌ಹೇಗನ್ನಿನ ಯಾವುದೋ ಮಧ್ಯಾಹ್ನದ ಬೆಳಕು
ನೂರಿಪ್ಪತ್ತು ವರ್ಷದ ಹಿಂದೆ
ಅವಳ ಕತ್ತಿನ ಮೇಲೆ ಬಿದ್ದದ್ದು
ಇನ್ನೂ ಎದ್ದಿಲ್ಲ.

ಅವಳನ್ನು ಮೂರು ನಿಮಿಷ ಬದುಕಿಸಬೇಕು ನಾನು.
ಆರೋಗ್ಯ ಇಲಾಖೆ ಕೊಟ್ಟ ಕೆಲಸ:
ಖಿನ್ನತೆಯ ಬಗ್ಗೆ ಪುಟ್ಟದೊಂದು ಅನಿಮೇಷನ್,
ಆಸ್ಪತ್ರೆಯಲ್ಲಿ ಸರದಿಗೆ ಕಾಯುವವರಿಗಾಗಿ.
ವೀಬೊರ್ಗಿನಲ್ಲಿ, ಸೈನಿಕರು ಬಿಟ್ಟುಹೋದ ಕಟ್ಟಡದ ಮೇಲ್ಮಹಡಿಯಲ್ಲಿ
ಅಡಿಯಿಂದ ದೀಪ ಉರಿಯುವ ಗಾಜಿನ ಮೇಜು,
ಮೂರು ರೀಮು ತೆಳುಕಾಗದ,
ಹೊರಗೆ ಬೇಗ ಕತ್ತಲಾಗುವ ನವೆಂಬರ್.

ಮೊದಲ ದೃಶ್ಯ ಸುಲಭ ಅಂದುಕೊಂಡೆ.
ಎಂಟು ಸೆಕೆಂಡು, ಅವಳು ಸುಮ್ಮನೆ ನಿಂತಿರುತ್ತಾಳೆ.
ಒಂದು ಚಿತ್ರ ಬರೆದೆ, ಎಂಟು ಸೆಕೆಂಡು ಹಿಡಿದಿಟ್ಟೆ,
ಓಡಿಸಿ ನೋಡಿದೆ:
ಸತ್ತುಹೋಗಿದ್ದಳು.
ರಟ್ಟಿನ ಬೊಂಬೆ, ಮೂಲೆಗೊರಗಿಸಿದ ಕೊಡೆ.

ಹಾಗಾದರೆ ಮತ್ತೆ ಮತ್ತೆ ಬರೆಯಬೇಕು
ಅದೇ ಬೆನ್ನು, ಅದೇ ಕತ್ತು, ಅದೇ ತಟ್ಟೆ,
ಒಂದರ ಮೇಲೊಂದು ಕಾಗದವಿಟ್ಟು,
ಸೆಕೆಂಡಿಗೆ ಹನ್ನೆರಡು.
ಗೆರೆ ಪ್ರತಿ ಸಲವೂ ಕೂದಲೆಳೆಯಷ್ಟು ಆಚೆ ಬೀಳುತ್ತದೆ,
ಆ ತಪ್ಪುಗಳೆಲ್ಲ ಸೇರಿ ಉಸಿರಾಗುತ್ತವೆ.
ಸುಮ್ಮನೆ ನಿಲ್ಲುವುದಕ್ಕೆ ತೊಂಬತ್ತಾರು ಚಿತ್ರ.
ಸುಮ್ಮನಿರುವುದು, ನೋಡಿ,
ಸುಮ್ಮನೆ ಆಗುವ ಕೆಲಸವಲ್ಲ.

ನನಗಾಗ ಒಂಬತ್ತು.
ಅಪ್ಪ ದೋಣಿಯ ಎಂಜಿನ್ ಕೋಣೆಗೆ ಹೋಗುವುದನ್ನು ಬಿಟ್ಟು
ಅಡುಗೆಮನೆಯ ಕಿಟಕಿಯೆದುರು ನಿಂತ ಚಳಿಗಾಲ.
ಅಪ್ಪ ಏನು ಮಾಡ್ತಿದಾರೆ?
ಏನೂ ಇಲ್ಲ, ಅಂದಳು ಅಮ್ಮ, ಬಟಾಟೆ ಸುಲಿಯುತ್ತ.
ಏನೂ ಇಲ್ಲ ಎಂದೇ ನಾನೂ ನಂಬಿದ್ದೆ.
ಮೊನ್ನೆ ರಾತ್ರಿ ಲೆಕ್ಕಕ್ಕೆ ಕೂತೆ:
ಐದು ತಿಂಗಳು, ದಿನಕ್ಕಿಷ್ಟು ಗಂಟೆ, ಸೆಕೆಂಡಿಗೆ ಹನ್ನೆರಡು...
ಅರ್ಧಕ್ಕೇ ಪೆನ್ಸಿಲ್ ಇಟ್ಟೆ.
ಅಷ್ಟನ್ನೂ ಒಬ್ಬನೇ ಬರೆದನೇ?

ಇಲಾಖೆಯ ಮೆರೆಟೆ ಒಳ್ಳೆಯವಳು, ಗಡಿಬಿಡಿಯವಳು.
"ಕೊನೆಯಲ್ಲಿ ಈ ಕಡೆ ತಿರುಗಲಿ" ಅಂದಳು,
"ನಗಲೇಬೇಕು ಅಂತಿಲ್ಲ. ಚೂರು ಬೆಳಕು, ಮುಖದ ಮೇಲೆ."
ಒಂಬತ್ತು ಮುಖ ಬರೆದೆ.
ಒಂದು ಟೂತ್‌ಪೇಸ್ಟಿನ ಜಾಹೀರಾತು,
ಒಂದು ರೈಲಿನ ಟಿಕೇಟು ಕೇಳುವವಳು,
ಒಂದು, ದೇವರೇ, ನಾನೇ.
ಎಲ್ಲ ಬುಟ್ಟಿಗೆ.

ಗುರುವಾರ ಅಪ್ಪ ಬಂದರು, ಎಪ್ಪತ್ತನಾಲ್ಕರ ಎಸ್ಕಿಲ್,
ಜೇಬಿನಲ್ಲಿ ಉಪ್ಪುಪ್ಪಾದ ಜ್ಯೇಷ್ಠಮಧುವಿನ ಕರಿ ಮಿಠಾಯಿ.
ಟೋಪಿ ತೆಗೆಯದೆಯೇ ಪರದೆಗೆ ಬಗ್ಗಿ
ಎರಡು ಸಲ ನೋಡಿದರು.
"ಕೈ ತಪ್ಪಾಗಿದೆ."
ಯಾಕೆ?
"ತಟ್ಟೇನ ಹಿಡಕೊಂಡಿದಾಳೆ ನಿನ್ನ ಹೆಂಗಸು.
ಆಗ ಯಾರೂ ಏನನ್ನೂ ಹಿಡಕೊಂಡಿರಲ್ಲ.
ಬಿಟ್ಟಿರಲ್ಲ, ಅಷ್ಟೇ."

ಮೂವತ್ತು ವರ್ಷದಲ್ಲಿ ಆ ಚಳಿಗಾಲದ ಬಗ್ಗೆ
ಅವರಾಡಿದ ಮಾತು ಅದಿಷ್ಟೇ.
ಆಮೇಲೆ ನನ್ನ ಕಾಫಿಯ ಬಸಿ ಎತ್ತಿಕೊಂಡು
ಕಿಟಕಿಯ ಹತ್ತಿರ ಹೋಗಿ
ನನಗೆ ಬೆನ್ನು ಹಾಕಿ ನಿಂತರು.
"ಬರಕೋ."

ಬರೆದೆ. ಭುಜದಿಂದ ಇಳಿಬಿದ್ದ ತೋಳು,
ಬೆರಳಂಚಿಗೆ ಸಿಕ್ಕಿ ಉಳಿದ ಬಸಿ,
ಆಗೀಗ ಎಡಗಾಲಿಂದ ಬಲಗಾಲಿಗೆ ದಾಟುವ ಭಾರ.
ಒಂಬತ್ತರ ಹುಡುಗಿಗೆ ಅದು ಕಂಡಿರಲಿಲ್ಲ.
ಕೆಳಗೆ ಅಂಗಳದಲ್ಲಿ ಯಾರೋ ಸೈಕಲ್ಲಿನ ಬೀಗದ ಜೊತೆ ಗುದ್ದಾಡುತ್ತಿದ್ದರು.
"ಸಾಕಾ?"
ಇನ್ನೊಂಚೂರು ಅಪ್ಪಾ.
ನಿಂತರು.

ಚಿತ್ರ ಮುಗಿಯಿತು. ಅವಳು ತಿರುಗುವುದಿಲ್ಲ.
ಮೆರೆಟೆ ಮೂರು ನಿಮಿಷವೂ ಮಾತಾಡಲಿಲ್ಲ,
ಕೊನೆಗೆ ಪರದೆಗೆ ಬೆರಳಿಟ್ಟು ಕೇಳಿದಳು:
"ಇಲ್ಲಿ, ಕಿವಿಯ ಹಿಂದೆ, ಏನೋ ಅಲ್ಲಾಡುತ್ತಲ್ಲ?"
ಹೌದು, ಅಂದೆ.
ಏನೋ ಚೀಪುತ್ತಿದ್ದಾಳೆ.